ಅಕ್ಕನ ಕೈ ಇರಲಿ, ಡ್ರಾಪ್ಸ್ ನಿಲ್ಲದಿರಲಿ

ಪ್ರಶ್ನೆ: ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಮಗಳಿಗೆ ಎರಡು ವರ್ಷ ಎರಡು ತಿಂಗಳು. ಅವಳು ನಡೆಯಲು ಶುರು ಮಾಡಿದ್ದೂ ತಡವಾಗಿ. ಈಗ ಕಾಲು ಬಿಲ್ಲಿನ ಹಾಗೆ ಬಾಗಿದೆ. ಸ್ನಾನ ಮಾಡಿಸುವಾಗ ನಿಲ್ಲಿಸಿದರೆ ಎರಡು ಮಂಡಿಗಳ ನಡುವೆ ನನ್ನ ನಾಲ್ಕು ಬೆರಳು ಹೋಗುತ್ತವೆ. ನಮ್ಮಮ್ಮ ಕಟ್ಟಿದ ಕರಿಮಣಿ ಮಣಿಕಟ್ಟಿನ ಗಂಟಿನ ಮೇಲೆ ಕೂರುವುದೇ ಇಲ್ಲ. ಕೋಲಾರದಲ್ಲಿ ಮಕ್ಕಳ ಡಾಕ್ಟರು ರಕ್ತ ಪರೀಕ್ಷೆ, ಎಕ್ಸ್‌ರೇ ಮಾಡಿಸಿ ರಿಕೆಟ್ಸ್, ಅಂದರೆ ಮಕ್ಕಳ ಮೂಳೆ ಗಟ್ಟಿಯಾಗದೆ ಮೆತ್ತಗಾಗುವ ಕಾಯಿಲೆ ಎಂದರು. ವಿಟಮಿನ್ ಡಿ ಡ್ರಾಪ್ಸ್, ಕ್ಯಾಲ್ಸಿಯಂ ಸಿರಪ್ ಮೂರು ತಿಂಗಳಿಗೆ ಬರೆದುಕೊಟ್ಟರು. ನನ್ನ ಗಂಡನ ಅಕ್ಕ ಎನರ್ಜಿ ಹೀಲಿಂಗ್, ಅಂದರೆ ಅಂಗೈಯಿಂದ ಶಕ್ತಿ ಹರಿಸಿ ವಾಸಿ ಮಾಡ್ತೀವಿ ಅನ್ನೋ ವಿದ್ಯೆ ಕಲಿತಿದ್ದಾರೆ. ‘ಔಷಧಿ ಶಕ್ತಿ ಹರಿಯುವುದಕ್ಕೆ ಅಡ್ಡ ಬರುತ್ತೆ, 40 ದಿನ ನಿಲ್ಲಿಸು, ನಾನು ಸರಿ ಮಾಡ್ತೀನಿ, ಪಕ್ಕದ ಬೀದಿ ಮಗುವಿನ ಕಾಲು ನೆಟ್ಟಗೆ ಮಾಡಿದ್ದು ನಾನೇ’ ಅಂತಾರೆ. ತಾಯಿ ಇಲ್ಲದ ನಮ್ಮ ಯಜಮಾನರನ್ನು ಸಾಕಿದವರು ಅವರು. ಇವರಿಗೆ ಅಕ್ಕ ಹೇಳಿದ್ದೇ ಸರಿ. ನಾನು ಡ್ರಾಪ್ಸ್ ಬಾಟಲಿಯನ್ನು ರಾಗಿಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟು, ಯಾರೂ ಇಲ್ಲದಾಗ ಮಗುವಿಗೆ ಹಾಕುತ್ತಿದ್ದೇನೆ. ನಾನು ಮಾಡ್ತಿರೋದು ತಪ್ಪಾ?

ಉತ್ತರ: ತಂಗಿ, ಔಷಧಿ ಕೊಡುತ್ತಿರುವುದು ತಪ್ಪಲ್ಲ. ಒಂದು ದಿನವೂ ನಿಲ್ಲಿಸಬೇಡಿ. ಆದರೆ ಬಚ್ಚಿಟ್ಟು ಕೊಡುವುದನ್ನು ಈ ವಾರವೇ ಬಿಡಬೇಕು.

ಯಾಕೆ ಅಂತ ಹೇಳ್ತೀನಿ. ನಾಳೆ ಯಜಮಾನರ ಮನಸ್ಸು ಕರಗಿ, ಅವರೂ ಒಂದು ಬಾಟಲಿ ತಂದು ಹಾಕಿಬಿಟ್ಟರೆ ಡೋಸ್ ಎರಡು ಪಟ್ಟಾಗುತ್ತೆ. ಕಂಪನಿಯಿಂದ ಕಂಪನಿಗೆ ಒಂದು ಎಂಎಲ್‌ನಲ್ಲಿರುವ ಯೂನಿಟ್ ಬೇರೆ. ದೊಡ್ಡವರಿಗೆ ಕೊಡುವ 60,000 ಯೂನಿಟ್ಟಿನ ಪುಡಿಯೂ ಅಂಗಡಿಯಲ್ಲಿ ಸಿಗುತ್ತದೆ. ವಿಟಮಿನ್ ಡಿ ಜಾಸ್ತಿಯಾದರೆ ಮೈಯಲ್ಲೇ ಉಳಿಯುತ್ತದೆ, ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ವಾಂತಿ, ಮಲಬದ್ಧತೆ ಶುರುವಾಗಿ ಕಿಡ್ನಿಗೂ ಪೆಟ್ಟು ಬೀಳಬಹುದು. ಯಾರು, ಯಾವಾಗ, ಎಷ್ಟು ಕೊಟ್ಟರು ಅನ್ನೋದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಬೇಕು.

ಇನ್ನೊಂದು ಕಾರಣ ನನ್ನನ್ನು ಹೆಚ್ಚು ಕಾಡುತ್ತಿದೆ. ನಿಮ್ಮ ಕದ್ದ ಡ್ರಾಪ್ಸ್‌ನಿಂದ ಪಾಪು ಕಾಲು ಸರಿಹೋಗುತ್ತೆ ಅಂತಿಟ್ಟುಕೊಳ್ಳಿ. ಅಕ್ಕ ಏನಂದುಕೊಳ್ಳುತ್ತಾರೆ? ಔಷಧಿ ಇಲ್ಲದೆ ನನ್ನ ಕೈಯಿಂದಲೇ ವಾಸಿಯಾಯಿತು ಅಂತ. ಮುಂದಿನ ತಾಯಿಗೂ ಧೈರ್ಯವಾಗಿ ‘ಔಷಧಿ ನಿಲ್ಲಿಸು’ ಅನ್ನುತ್ತಾರೆ. ಆ ತಾಯಿಯ ರಾಗಿ ಡಬ್ಬದಲ್ಲಿ ಬಾಟಲಿ ಇರುವುದಿಲ್ಲ.

ಪಕ್ಕದ ಬೀದಿ ಮಗುವಿನ ವಿಷಯಕ್ಕೆ ಬರೋಣ. ಅಕ್ಕ ಸುಳ್ಳು ಹೇಳುತ್ತಿಲ್ಲ ಅಂತಲೇ ನನ್ನ ನಂಬಿಕೆ. ಹೆಚ್ಚುಕಮ್ಮಿ ಎಲ್ಲ ಕೂಸುಗಳ ಕಾಲೂ ಹುಟ್ಟುವಾಗ ಬಾಗಿಯೇ ಇರುತ್ತದೆ. ಒಂದೂವರೆ, ಎರಡು ವರ್ಷದ ಹೊತ್ತಿಗೆ ನೆಟ್ಟಗಾಗುತ್ತದೆ. ಮೂರು, ನಾಲ್ಕಕ್ಕೆ ಮಂಡಿಗಳು ಒಂದಕ್ಕೊಂದು ತಗಲುವಂತಾಗಿ, ಏಳರ ಸುಮಾರಿಗೆ ಸರಿಹೋಗುತ್ತದೆ. ಅದು ಬೆಳವಣಿಗೆ, ಕಾಯಿಲೆ ಅಲ್ಲ. ಅಂಥ ಮಗುವಿಗೆ ಹೀಲಿಂಗ್ ಮಾಡಿದರೂ, ದೃಷ್ಟಿ ತೆಗೆದರೂ, ಸುಮ್ನೆ ಬಿಟ್ಟರೂ ಕಾಲು ನೆಟ್ಟಗಾಗುತ್ತಿತ್ತು. ನಿಮ್ಮ ಮಗಳದ್ದು ಹಾಗಲ್ಲ. ಅವಳ ಮಣಿಕಟ್ಟು ದಪ್ಪವಾಗಿದೆ, ರಕ್ತ ಪರೀಕ್ಷೆಯಲ್ಲಿ ಬಂದಿದೆ, ಎಕ್ಸ್‌ರೇಯಲ್ಲಿ ಕಂಡಿದೆ.

ಮೂಳೆ ಉದ್ದವಾಗುವುದು ತುದಿಯಲ್ಲಿ. ಅಲ್ಲಿ ಮೊದಲು ಮೆತ್ತಗಿನ ಭಾಗ ಬೆಳೆದು, ಆಮೇಲೆ ಕ್ಯಾಲ್ಸಿಯಂ, ಫಾಸ್ಫರಸ್ ಸೇರಿ ಗಟ್ಟಿಯಾಗುತ್ತದೆ. ಕರುಳು ಕ್ಯಾಲ್ಸಿಯಂ ಹೀರಿಕೊಳ್ಳಬೇಕಾದರೆ ವಿಟಮಿನ್ ಡಿ ಬೇಕು. ಅದಿಲ್ಲದೆ ಮಗು ನಡೆಯಲು ಶುರು ಮಾಡಿದರೆ, ಕಾಂಕ್ರೀಟ್ ಸೆಟ್ ಆಗುವ ಮುಂಚೆ ಸೆಂಟ್ರಿಂಗ್ ಬಿಚ್ಚಿದ ಹಾಗೆ. ಭಾರಕ್ಕೆ ಬಾಗುತ್ತದೆ. ಆ 40 ದಿನ ಅವಳು ಓಡಾಡುತ್ತಲೇ ಇರುತ್ತಾಳೆ, ಅಲ್ವಾ? ಕಾಯಲು ಸಮಯವಿಲ್ಲ ಅನ್ನುವುದು ಅದಕ್ಕೇ. ಕ್ಯಾಲ್ಸಿಯಂ ತೀರಾ ಇಳಿದರೆ ಫಿಟ್ಸ್ ಬರಬಹುದು. ಕೈ ಸೆಟೆದುಕೊಂಡರೆ, ಫಿಟ್ಸ್ ಬಂದರೆ ತಕ್ಷಣ ಆಸ್ಪತ್ರೆಗೆ ಓಡಿ.

ಮುಟ್ಟದೆ, ದೂರದಿಂದ ಮೂಳೆ ವಾಸಿಯಾಗುತ್ತದಾ ಅಂತ ಯಜಮಾನರು ಕೇಳಿದರೆ, ಆಗಿದೆ ಅಂತಲೇ ಹೇಳಿ. 1919ರಲ್ಲಿ ಬರ್ಲಿನ್ನಿನಲ್ಲಿ ಹುಲ್ಡ್‌ಶಿನ್ಸ್‌ಕಿ ಎಂಬ ಡಾಕ್ಟರು ರಿಕೆಟ್ಸ್ ಮಕ್ಕಳ ಮೇಲೆ ಅತಿನೇರಳೆ ಕಿರಣದ ದೀಪ ಬಿಟ್ಟರು. ಮೂಳೆ ಗಟ್ಟಿಯಾಯಿತು. ಒಂದೇ ಕೈಗೆ ಬೆಳಕು ಬಿಟ್ಟರೂ ಇನ್ನೊಂದು ಕೈಯ ಮೂಳೆಯೂ ಸುಧಾರಿಸಿತು. ಬೆಳಕಿನಿಂದ ಚರ್ಮದಲ್ಲಿ ತಯಾರಾದದ್ದು ರಕ್ತದಲ್ಲಿ ಎಲ್ಲ ಕಡೆ ಹೋಗಿತ್ತು. ಅದನ್ನೇ ಈಗ ವಿಟಮಿನ್ ಡಿ ಅನ್ನುತ್ತೇವೆ. ಅವರು ಅದನ್ನು ಎಕ್ಸ್‌ರೇ ತೆಗೆದು ತೋರಿಸಿದರು. ಅಂಗೈಯಿಂದ ಹರಿಯುವ ಶಕ್ತಿ ರಿಕೆಟ್ಸ್ ಮೂಳೆಯನ್ನು ಗಟ್ಟಿ ಮಾಡಿದ್ದನ್ನು ಯಾರೂ ಹಾಗೆ ತೋರಿಸಿಲ್ಲ. ರೇಖಿಯಾಗಲಿ, ಪ್ರಾಣಿಕ್ ಹೀಲಿಂಗ್ ಆಗಲಿ, ಅಲ್ಲಿ ಸಿಗುವುದು ನೆಮ್ಮದಿ. ಪ್ರೀತಿಯಿಂದ ಕೈಯಿಟ್ಟರೆ ಮಗು ಶಾಂತವಾಗಿ ಮಲಗುತ್ತೆ. ಅದು ಬೇಡ ಅನ್ನಲು ನನಗೆ ಮನಸ್ಸಿಲ್ಲ. ‘ಔಷಧಿ ಬಿಡಿಸು’ ಅಂದ ಕಡೆ ಮಾತ್ರ ನಾನು ಅಡ್ಡ ನಿಲ್ಲುತ್ತೇನೆ.

ಅಕ್ಕನ ಹತ್ತಿರ ನೀವು ಮಾತಾಡುವ ಮೊದಲು ಯಜಮಾನರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಎಕ್ಸ್‌ರೇಯನ್ನು ಅವರ ಕೈಗೇ ಕೊಡಿ. ಮಣಿಕಟ್ಟಿನ ಹತ್ತಿರ ಮೂಳೆಯ ತುದಿ ಗೆರೆ ಎಳೆದ ಹಾಗೆ ಇರಬೇಕಿತ್ತು. ಅದು ಬಟ್ಟಲಿನ ಹಾಗೆ ಗುಳಿ ಬಿದ್ದು, ಸವೆದ ಪೊರಕೆಯ ತುದಿಯಂತೆ ಕೆದರಿರುತ್ತದೆ. ಅದನ್ನು ನೋಡಿದ ಅಪ್ಪನಿಗೆ ನೀವು ಜಾಸ್ತಿ ವಿವರಿಸಬೇಕಾಗಿಲ್ಲ. ವಾಪಸ್ ಬಂದು ಬಾಟಲಿಯನ್ನು ಡಬ್ಬದಿಂದ ತೆಗೆದು ದೇವರ ಗೂಡಿನ ಪಕ್ಕ ಇಡಿ, ಎಲ್ಲರ ಕಣ್ಣಿಗೆ ಬೀಳಲಿ. ಆಮೇಲೆ ಅಕ್ಕನಿಗೆ ಹೇಳಿ: ‘ಅಕ್ಕಾ, ಇಷ್ಟು ದಿನ ನಿಮಗೆ ಹೇಳದೆ ಕೊಟ್ಟೆ, ತಪ್ಪಾಯ್ತು. ಇವರನ್ನ ಸಾಕಿದ ಕೈ ನಿಮ್ಮದು, ಅದು ಪಾಪು ಮೇಲೂ ಇರಲಿ. ಔಷಧಿ ಮಾತ್ರ ನಿಲ್ಲಿಸಲ್ಲ. ನೀವೇ ನಿಂತು ಹಾಕ್ಸಿ.’ ಮೊದಲ ದಿನ ಮುನಿಸಿಕೊಳ್ಳಬಹುದು. ಮುನಿಸಿಕೊಳ್ಳಲಿ ಬಿಡಿ. ವಾಸಿಯಾದ ಮೇಲೆ ನನ್ನಿಂದಲೇ ಅಂದರೂ ವಾದ ಬೇಡ, ಔಷಧಿಯ ಜೊತೆಗೆ ಅನ್ನೋದು ಅವರಿಗೆ ಗೊತ್ತಿದ್ದರೆ ಸಾಕು.

ಅವರಿಗೊಂದು ಕೆಲಸವನ್ನೂ ವಹಿಸಿ. ಪಾಪುವನ್ನು ದಿನಾ ಬಿಸಿಲಿಗೆ ಒಯ್ಯುವುದು. ಎಳೆಬಿಸಿಲು ಒಳ್ಳೆಯದು ಅಂತ ನಮ್ಮ ಕಡೆ ಹೇಳ್ತಾರೆ, ಆದರೆ ವಿಟಮಿನ್ ಡಿ ಮಾಡುವ ಕಿರಣ ಅದರಲ್ಲಿ ತೀರಾ ಕಮ್ಮಿ. ನಮ್ಮ ನೆರಳು ನಮಗಿಂತ ಗಿಡ್ಡ ಇರುವ ಹೊತ್ತು ಬೇಕು. ಹನ್ನೊಂದರ ಸುಮಾರಿಗೆ ಕೈ, ಕಾಲು, ಬೆನ್ನು ಬಿಟ್ಟು, ತಲೆಗೊಂದು ಟೋಪಿ ಹಾಕಿ 15–20 ನಿಮಿಷ. ಕಿಟಕಿ ಗಾಜಿನ ಹಿಂದೆ ಕೂರಿಸಿದರೆ ಉಪಯೋಗವಿಲ್ಲ, ಆ ಕಿರಣವನ್ನು ಗಾಜು ತಡೆಯುತ್ತದೆ. ಇದು ಡ್ರಾಪ್ಸ್ ಜೊತೆಗೆ, ಡ್ರಾಪ್ಸ್ ಬದಲಿಗಲ್ಲ.

ರಾಗಿ ತಿನ್ನುವ ನಾಡಲ್ಲಿ ಈ ಕಾಯಿಲೆ ಹೇಗೆ ಅಂತ ನಿಮಗೂ ಅನಿಸಿರಬೇಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ನಿಜ. ಆದರೆ ಅದರಲ್ಲೇ ಇರುವ ಫೈಟೇಟ್ ಎಂಬ ಅಂಶ ಆ ಕ್ಯಾಲ್ಸಿಯಂನಲ್ಲಿ ಒಂದಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ವಿಟಮಿನ್ ಡಿ ಅಂತೂ ರಾಗಿಯಲ್ಲಿ ಇಲ್ಲವೇ ಇಲ್ಲ. ತಾಯಿಹಾಲಿನಲ್ಲೂ ಕಮ್ಮಿ, ಅದಕ್ಕೇ ಹುಟ್ಟಿದ ಮಗುವಿಗೆ ಮೊದಲ ವರ್ಷ ದಿನಕ್ಕೆ 400 ಯೂನಿಟ್ ಡ್ರಾಪ್ಸ್ ಕೊಡಲು ಹೇಳುವುದು. ಮೊಳಕೆ ಕಟ್ಟಿ, ಹುರಿದು ಮಾಡಿದ ರಾಗಿ ಸರಿ ಕೊಡಿ, ಫೈಟೇಟ್ ಇಳಿಯುತ್ತದೆ. ಹಾಲು, ಮೊಸರು, ಮೊಟ್ಟೆ ಇರಲಿ.

ನೀರಿನ ಬಗ್ಗೆಯೂ ಹೇಳಲೇಬೇಕು. ನಮ್ಮ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಕ್ಯಾಲ್ಸಿಯಂ ಕಮ್ಮಿ ಇರುವ ಮಗುವಿನ ಮೂಳೆಗೆ ಅದು ಮತ್ತಷ್ಟು ಕೇಡು. ಊರಲ್ಲಿ ದೊಡ್ಡ ಮಕ್ಕಳ ಹಲ್ಲು ಕಂದು ಪಟ್ಟೆ ಕಟ್ಟಿದ್ದರೆ ನೀರು ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿರಬಾರದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಕುಡಿಸಿ, ಅಡುಗೆಗೂ ಅದೇ ಬಳಸಿ.

ನಿಮ್ಮ ಡಾಕ್ಟರು ಬರೆದದ್ದು ಸರಿಯಾಗಿಯೇ ಇದೆ. 2016ರಲ್ಲಿ ಹಲವು ದೇಶಗಳ ತಜ್ಞರು ಒಪ್ಪಿ ಬರೆದ ಮಾರ್ಗಸೂಚಿಯಲ್ಲೂ ಕನಿಷ್ಠ ಮೂರು ತಿಂಗಳು, ದಿನಕ್ಕೆ ಕನಿಷ್ಠ 2,000 ಯೂನಿಟ್ ವಿಟಮಿನ್ ಡಿ, ಜೊತೆಗೆ 500 ಮಿಲಿಗ್ರಾಂ ಕ್ಯಾಲ್ಸಿಯಂ ಎಂದಿದೆ. ನಿಮ್ಮ ಮಗಳಿಗೆ ಎಷ್ಟು ಅನ್ನುವುದು ಚೀಟಿಯಲ್ಲಿ ಇರುವಷ್ಟೇ. ಕಾಲಿನ ಬಾಗು ಮೂರು ತಿಂಗಳಿಗೆ ಹೋಗುವುದಿಲ್ಲ, ವರ್ಷ, ಒಮ್ಮೊಮ್ಮೆ ಎರಡು ವರ್ಷ ಹಿಡಿಯುತ್ತದೆ. ಎಕ್ಸ್‌ರೇಯಲ್ಲಿ ಮಾತ್ರ ಕೆಲವೇ ವಾರಗಳಲ್ಲಿ ಮೂಳೆಯ ತುದಿಗೆ ಬಿಳಿ ಗೆರೆ ಮೂಡುತ್ತದೆ. ಮೂರು ತಿಂಗಳಾದರೂ ರಕ್ತ ಪರೀಕ್ಷೆ ಸುಧಾರಿಸದಿದ್ದರೆ ಡಾಕ್ಟರನ್ನು ಬಿಡದೆ ಕೇಳಿ. ಕಿಡ್ನಿಯಲ್ಲಿ ಫಾಸ್ಫರಸ್ ಸೋರಿಹೋಗುವ, ವಂಶದಿಂದ ಬರುವ ರಿಕೆಟ್ಸ್ ಒಂದಿದೆ. ಅದಕ್ಕೆ ಔಷಧಿಯೇ ಬೇರೆ. ಖರ್ಚಿನ ಚಿಂತೆಯಿದ್ದರೆ ಅಂಗನವಾಡಿಯಲ್ಲಿ ವಿಚಾರಿಸಿ. ಮಕ್ಕಳನ್ನು ತಪಾಸಣೆ ಮಾಡಲು ಬರುವ, ಸರ್ಕಾರದ ಮಕ್ಕಳ ಆರೋಗ್ಯ ಯೋಜನೆಯ ಆರ್‌ಬಿಎಸ್‌ಕೆ ತಂಡದ ಪಟ್ಟಿಯಲ್ಲಿ ರಿಕೆಟ್ಸ್ ಕೂಡ ಇದೆ. ಅವರೇ ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತಾರೆ.

ಮುಂದಿನ ಎಕ್ಸ್‌ರೇಗೆ ಹೋಗುವಾಗ ಅಕ್ಕನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಆ ಬಿಳಿ ಗೆರೆಯನ್ನು ಅವರೂ ನೋಡಲಿ. ಆಮೇಲೆ ನನಗೆ ಬರೆಯಿರಿ. ಕರಿಮಣಿ ಮಣಿಕಟ್ಟಿನ ಮೇಲೆ ಹೇಗೆ ಕೂರುತ್ತಿದೆ ಅನ್ನೋದನ್ನೂ ಬರೆಯಿರಿ.