ಬೈಪಾಸ್ ನಂತರ ಮಾತು ತೊದಲಿದರೆ ಕನ್ನಡ ಬಲ್ಲವರೇ ಗುರುತಿಸಬೇಕು

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಅಪ್ಪನಿಗೆ 71 ವರ್ಷ, ಸಕ್ಕರೆ ಕಾಯಿಲೆ ಇದೆ. ಬೈಪಾಸ್ ಮಾಡಿಸಬೇಕೆಂದಿದ್ದಾರೆ. ನಮ್ಮ ಬಿಲ್ಡಿಂಗಿನವರೊಬ್ಬರಿಗೆ ಬೈಪಾಸ್ ಆದ ಮೂರನೇ ದಿನ ಲಕ್ವ ಹೊಡೆಯಿತು. ಹೃದಯದ ಆಪರೇಷನ್ನಿಗೂ ಮಿದುಳಿಗೂ ಏನು ಸಂಬಂಧ? ಅಪ್ಪನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ.

ಉತ್ತರ: ನಿಮ್ಮ ಕೊನೆಯ ಮಾತು ನೀವಂದುಕೊಂಡಿದ್ದಕ್ಕಿಂತ ಮುಖ್ಯವಾದದ್ದು. ಅದಕ್ಕೆ ಆಮೇಲೆ ಬರುತ್ತೇವೆ.

ಹೃದಯದಿಂದ ಹೊರಡುವ ಮಹಾಪಧಮನಿಯಿಂದಲೇ ಮಿದುಳಿನ ರಕ್ತನಾಳಗಳು ಕವಲೊಡೆಯುತ್ತವೆ. ವಯಸ್ಸಾದಂತೆ ಅದರ ಒಳಗೋಡೆಗೆ ಕೊಬ್ಬು, ಕ್ಯಾಲ್ಸಿಯಂ ಕಟ್ಟಿಕೊಳ್ಳುತ್ತದೆ. ಆಪರೇಷನ್ ಹೊತ್ತಿನಲ್ಲಿ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಹಾರ್ಟ್-ಲಂಗ್ ಮೆಷಿನ್ನಿನ ಕೊಳವೆ ಹಾಕುವಾಗ, ನಾಳವನ್ನು ಅದುಮಿ ಹಿಡಿಯುವ ಕ್ಲಾಂಪ್ ಹಾಕಿ ಬಿಡುವಾಗ ಅದರ ಚೂರು ಕಿತ್ತು ಮಿದುಳಿಗೆ ಹೋಗಿ ಅಲ್ಲಿನ ನಾಳ ಮುಚ್ಚಬಹುದು. ಅದೇ ಲಕ್ವ. ಬೈಪಾಸ್‌ನಲ್ಲಿ ನೂರಕ್ಕೆ ಸುಮಾರು 1ರಿಂದ 2 ಮಂದಿಗೆ ಲಕ್ವ ಆಗುತ್ತದೆ. ಆಂಜಿಯೋಗ್ರಫಿ, ಸ್ಟೆಂಟ್‌ನಲ್ಲಿ ಸಾವಿರಕ್ಕೆ ಕೆಲವರಿಗಷ್ಟೇ. ಎರಡು ಮೂರು ದಿನ ಕಳೆದು ಆಗುವ ಲಕ್ವಕ್ಕೆ ಇನ್ನೊಂದು ಕಾರಣವಿದೆ: ಆಗ ಹೃದಯದ ಬಡಿತ ತಾಳ ತಪ್ಪುವುದು ಸಾಮಾನ್ಯ. ಮೇಲಿನ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿನ ನಾಳಕ್ಕೆ ಸಿಕ್ಕಿಕೊಳ್ಳುತ್ತದೆ.

ಸರ್ಜನ್ನರನ್ನು ಮೊದಲೇ ಕೇಳಿ: ಕುತ್ತಿಗೆಯ ನಾಳಗಳ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಬೇಕೇ? ಥಿಯೇಟರಿನಲ್ಲಿ ಮಹಾಪಧಮನಿಯ ಮೇಲೆಯೇ ಅಲ್ಟ್ರಾಸೌಂಡ್ ಇಟ್ಟು ನೋಡುತ್ತೀರಾ? ಗೋಡೆ ಕೆಟ್ಟಿದ್ದರೆ ಅದನ್ನು ಮುಟ್ಟದೆ, ಮೆಷಿನ್ ಇಲ್ಲದೆ ಮಾಡಲಾಗುತ್ತದೆಯೇ? ರಕ್ತ ತೆಳುಮಾಡುವ ಮಾತ್ರೆ ಯಾವಾಗ ನಿಲ್ಲಿಸಬೇಕು, ಯಾವಾಗ ಮತ್ತೆ ಶುರು ಮಾಡಬೇಕು? ನೀವಾಗಿ ನಿಲ್ಲಿಸಬೇಡಿ.

ಈಗ ಭಾಷೆಯ ವಿಷಯ. ಆಪರೇಷನ್ ಆದಮೇಲೆ ಐಸಿಯುನಲ್ಲಿ ವಯಸ್ಸಾದವರು ಗಲಿಬಿಲಿಗೊಳ್ಳುವುದು ಬಹಳ ಸಾಮಾನ್ಯ. ರಾತ್ರಿ ಹೆಚ್ಚು, ಬೆಳಿಗ್ಗೆ ಕಡಿಮೆ. ನಳಿಗೆ ಎಳೆಯುತ್ತಾರೆ, ಊರಲ್ಲಿದ್ದೇನೆ ಅನ್ನುತ್ತಾರೆ. ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಇಳಿಯುತ್ತದೆ. ಲಕ್ವ ಹಾಗಲ್ಲ, ಥಟ್ಟನೆ ಬರುತ್ತದೆ. ಆದರೆ ಅಪ್ಪ ಅರ್ಥವಿಲ್ಲದ ಶಬ್ದ ಆಡತೊಡಗಿದರೂ ಮರಾಠಿ, ಹಿಂದಿ ಬಲ್ಲ ಸಿಸ್ಟರಿಗೆ ಅದು ಕನ್ನಡವೆಂದೇ ಕೇಳಿಸುತ್ತದೆ! ಹೀಗೇ ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ.

ಆದ್ದರಿಂದ ಪ್ರತಿ ಭೇಟಿಯಲ್ಲೂ ಪರೀಕ್ಷಿಸಿ. ಹಲ್ಲು ಕಾಣುವಂತೆ ನಗಲು ಹೇಳಿ, ಬಾಯಿ ಒಂದು ಕಡೆ ಜೋತಿದೆಯೇ ನೋಡಿ. ಕಣ್ಣು ಮುಚ್ಚಿಸಿ ಎರಡೂ ಕೈ 10 ಸೆಕೆಂಡು ಎತ್ತಿ ಹಿಡಿಯಲು ಹೇಳಿ, ಒಂದು ಕೈ ಕೆಳಗಿಳಿಯುತ್ತದೆಯೇ ನೋಡಿ. ಎದೆಯ ಹೊಲಿಗೆ ಎಳೆಯದಷ್ಟು ಎತ್ತಿದರೆ ಸಾಕು. 'ಇವತ್ತು ಮಳೆ ಬರುವ ಹಾಗಿದೆ' ಎಂದು ಹೇಳಿಸಿ, ಕನ್ನಡಕ ತೋರಿಸಿ ಹೆಸರು ಕೇಳಿ. ಎಲ್ಲ ಸರಿ ಇದ್ದರೆ ಆ ಹೊತ್ತನ್ನು ಬರೆದಿಟ್ಟುಕೊಳ್ಳಿ. ಲಕ್ವ ಆದರೆ ಡಾಕ್ಟರು ಮೊದಲು ಕೇಳುವುದು ಅದನ್ನೇ. ಕನ್ನಡಕ, ಕಿವಿಯ ಮೆಷಿನ್ ಹಾಸಿಗೆ ಪಕ್ಕದಲ್ಲಿರಲಿ. ನೋವು, ನೀರು, ಉಸಿರು, ಇಂಥ ಮಾತುಗಳನ್ನು ದೇವನಾಗರಿಯಲ್ಲಿ ಬರೆದು, ಮರಾಠಿ ಅರ್ಥ ಸೇರಿಸಿ ಸಿಸ್ಟರಿಗೆ ಕೊಡಿ.

ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯ ಗಡುವು. ದೊಡ್ಡ ಆಪರೇಷನ್ ಆಗಿ ಎರಡು ವಾರ ಕಳೆಯದಿದ್ದರೆ ರಕ್ತಸ್ರಾವದ ಭಯದಿಂದ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ. ಆಗ ಉಳಿಯುವುದು ತೊಡೆಸಂದಿಯಿಂದ ಕ್ಯಾತಿಟರ್ (ತೆಳು ಕೊಳವೆ) ಏರಿಸಿ ದೊಡ್ಡ ನಾಳದ ಹೆಪ್ಪನ್ನು ಎಳೆದು ತೆಗೆಯುವ ಥ್ರಾಂಬೆಕ್ಟಮಿ: 6 ಗಂಟೆಯೊಳಗೆ ಉತ್ತಮ, ಆಯ್ದ ಕೆಲವರಿಗೆ 24 ಗಂಟೆವರೆಗೂ. ಈ ಸೌಲಭ್ಯ ಎಲ್ಲ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಇಲ್ಲಿದೆಯೇ, ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತೀರಿ ಎಂದು ಅಡ್ಮಿಟ್ ಆಗುವ ಮುಂಚೆಯೇ ಕೇಳಿ.

ಮನೆಗೆ ಬಂದಮೇಲೆ ಬಾಯಿ ಜೋತರೆ, ಕೈ ಸೋತರೆ ಅಥವಾ ಮಾತು ತೊದಲಿದರೆ ಕೂಡಲೇ 108ಕ್ಕೆ ಕರೆ ಮಾಡಿ. ಬಾಯಿಗೆ ನೀರು, ಮಾತ್ರೆ ಹಾಕಬೇಡಿ. ಆಸ್ಪಿರಿನ್ ಕೂಡ ಬೇಡ. ಮಿದುಳಿನಲ್ಲಿ ರಕ್ತಸ್ರಾವ ಆಗಿದೆಯೋ ಹೆಪ್ಪುಗಟ್ಟಿದೆಯೋ ತಿಳಿಯುವುದು ಸಿಟಿ ಸ್ಕ್ಯಾನ್‌ನಲ್ಲೇ.