ಥೈಮಸ್‌ನಲ್ಲಿ ಒಂದೇ ಗ್ರಾಹಕ ಉಳಿಸುವುದೂ ಕೊಲ್ಲುವುದೂ ಹೇಗೆ?

ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಬೆಳೆಯುವ ಟಿ ಜೀವಕೋಶವನ್ನು (ರೋಗನಿರೋಧಕ ಕೋಶ), ಅದರ ಮೈಮೇಲಿನ ಒಂದೇ ಗ್ರಾಹಕದ (ಹೊರಗಿನ ಅಣುವನ್ನು ಗುರುತಿಸುವ ಪ್ರೋಟೀನ್) ಸಂಕೇತ ಒಮ್ಮೆ ಉಳಿಸಿ, ಇನ್ನೊಮ್ಮೆ ಸಾಯಿಸುವುದು ಹೇಗೆ ಎಂದು ನೀವು ಕೇಳಿದ್ದೀರಿ. ಈ ವಿಷಯವನ್ನು ಪಾಠ ಮಾಡುವಾಗ ನಾನು ಮೊದಲು ಹೇಳುವುದೇನೆಂದರೆ, ಅಲ್ಲಿ ಸಾಯುವ ಬಹುಪಾಲು ಕೋಶಗಳು ಯಾವ ಸಂಕೇತವೂ ಸಿಗದೆ ಸಾಯುತ್ತವೆ. ಸಿಡಿ4 ಮತ್ತು ಸಿಡಿ8 ಎಂಬ ಎರಡೂ ಮೇಲ್ಮೈ ಪ್ರೋಟೀನುಗಳನ್ನು ಹೊತ್ತ ಬೆಳವಣಿಗೆಯ ಹಂತದಲ್ಲಿ ಕೋಶದೊಳಗೆ ಬಿಸಿಎಲ್-2 ಎಂಬ ರಕ್ಷಕ ಪ್ರೋಟೀನ್ ತೀರಾ ಕಡಿಮೆಯಿರುತ್ತದೆ. ಗ್ರಾಹಕಕ್ಕೆ ಹೊಂದುವ ಪೆಪ್ಟೈಡ್–ಎಂಎಚ್‌ಸಿ ಜೋಡಿ (ಪ್ರೋಟೀನಿನ ಚೂರು ಮತ್ತು ಅದನ್ನು ಬೇರೆ ಕೋಶದ ಮೇಲೆ ಹಿಡಿದು ತೋರಿಸುವ ಅಣು) ಮೂರು ನಾಲ್ಕು ದಿನಗಳಲ್ಲಿ ಸಿಗದಿದ್ದರೆ ಕೋಶ ತಾನಾಗಿಯೇ ಅಳಿಯುತ್ತದೆ.

ಜೋಡಿ ಸಿಕ್ಕಿದ ಮೇಲೆ ಎಲ್ಲವೂ ನಿಂತಿರುವುದು ಬಂಧ ಎಷ್ಟು ಹೊತ್ತು ಉಳಿಯುತ್ತದೆ ಎಂಬುದರ ಮೇಲೆ. ನೆಂಟರು ಬಾಗಿಲಲ್ಲೇ ಮಾತಾಡಿಸಿ ಹೊರಡುವುದಕ್ಕೂ ಒಳಗೆ ಬಂದು ಕುಳಿತುಬಿಡುವುದಕ್ಕೂ ಇರುವಷ್ಟೇ ವ್ಯತ್ಯಾಸವಿದು. ಬಂಧ ಬೇಗ ಬಿಟ್ಟರೆ ಇಆರ್‌ಕೆ ಎಂಬ ಕಿಣ್ವ ಮೆಲ್ಲಗೆ, ಆದರೆ ಬಹಳ ಹೊತ್ತು ಚುರುಕಾಗಿದ್ದು ಕೋಶವನ್ನು ಉಳಿಸುತ್ತದೆ. ಗಟ್ಟಿಯಾಗಿ ಹಿಡಿದರೆ, ಅಂದರೆ ಕೋಶ ಸ್ವದೇಹವನ್ನೇ ಬಲವಾಗಿ ಗುರುತಿಸಿದರೆ, ಅದೇ ಕಿಣ್ವ ಥಟ್ಟನೆ ಏರಿ ಬೇಗ ಇಳಿಯುತ್ತದೆ, ಜೊತೆಗೆ ಜೆಎನ್‌ಕೆ ಮತ್ತು ಪಿ38 ಎಂಬ ಕಿಣ್ವಗಳೂ ಎಚ್ಚರಗೊಂಡು ಕೋಶ ಸಾವಿನತ್ತ ಸಾಗುತ್ತದೆ. ಸಂಕೇತ ಕೋಶದ ಯಾವ ಭಾಗದಲ್ಲಿ ಹೊತ್ತಿಕೊಳ್ಳುತ್ತದೆ ಎಂಬುದೂ ಬೇರೆಯೇ: ಸಾವಿನತ್ತ ಒಯ್ಯುವ ಬಂಧದಲ್ಲಿ ರಾಸ್ ಎಂಬ ಸಂಕೇತ ಪ್ರೋಟೀನ್ ಮತ್ತು ಇಆರ್‌ಕೆ ಹೊರಪೊರೆಯ ಬಳಿ ಸೇರಿದರೆ, ಉಳಿಸುವ ಬಂಧದಲ್ಲಿ ಕೋಶದೊಳಗಿನ ಗಾಲ್ಗಿ ಎಂಬ ಅಂಗಕದ ಬಳಿ ಸೇರುತ್ತವೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಬೇಸೆಲ್‌ನ ಸಂಶೋಧಕರು 2006ರಲ್ಲಿ ತೋರಿಸಿದರು.

ಬಲವಾದ ಸಂಕೇತದಿಂದ ಬಿಮ್ ಎಂಬ ಪ್ರೋಟೀನ್ ಹೆಚ್ಚುತ್ತದೆ. ಅದು ರಕ್ಷಕ ಪ್ರೋಟೀನುಗಳನ್ನು ಕಟ್ಟಿಹಾಕಿದಾಗ ಬ್ಯಾಕ್ಸ್ ಮತ್ತು ಬ್ಯಾಕ್ ಎಂಬ ಪ್ರೋಟೀನುಗಳು ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯದ ಪೊರೆಯಲ್ಲಿ ರಂಧ್ರ ಮಾಡುತ್ತವೆ, ಅದರೊಳಗಿನ ಸೈಟೋಕ್ರೋಮ್ ಸಿ ಎಂಬ ಪ್ರೋಟೀನ್ ಹೊರಬರುತ್ತದೆ, ಕ್ಯಾಸ್ಪೇಸ್ ಎಂಬ ಕಿಣ್ವಗಳು ಕೋಶವನ್ನು ಒಳಗಿನಿಂದಲೇ ಕತ್ತರಿಸುತ್ತವೆ. ಉಳಿದ ಚೂರುಗಳನ್ನು ಮ್ಯಾಕ್ರೋಫೇಜ್ ಎಂಬ ಕಸ ನುಂಗುವ ಕೋಶಗಳು ಉರಿಯೂತವೇಳದಂತೆ ನುಂಗಿಬಿಡುತ್ತವೆ. ಬಿಮ್ ಇಲ್ಲದ ಇಲಿಗಳಲ್ಲಿ ಸ್ವದೇಹವನ್ನೇ ಗುರುತಿಸುವ ಕೋಶಗಳು ಸಾಯದೆ ಉಳಿದದ್ದು 2002ರಲ್ಲೇ ವರದಿಯಾಗಿದೆ. ಹಾಗೆಂದು ಬಿಮ್ ಒಂದರ ಮೇಲೆಯೇ ಎಲ್ಲ ಹೊಣೆ ಹೊರಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ನರ್77 ಎಂಬ ಇನ್ನೊಂದು ಪ್ರೋಟೀನ್ ಮೈಟೋಕಾಂಡ್ರಿಯಕ್ಕೆ ಹೋಗಿ ಬಿಸಿಎಲ್-2 ಅನ್ನೇ ಕೊಲೆಗಾರನನ್ನಾಗಿ ತಿರುಗಿಸಬಲ್ಲದು.

ಇನ್ಸುಲಿನ್‌ನಂತಹ, ಬೇರೆ ಅಂಗಗಳಿಗೆ ಸೇರಿದ ಪ್ರೋಟೀನುಗಳನ್ನು ಥೈಮಸ್‌ನಲ್ಲೇ ತೋರಿಸಲು ಏರ್ ಎಂಬ ಜೀನ್ ಬೇಕು. ಆ ಜೀನ್ ಕೆಟ್ಟಿರುವವರಲ್ಲಿ ಸ್ವದೇಹವನ್ನೇ ಗುರುತಿಸುವ ಕೋಶಗಳು ಸಾವಿನಿಂದ ತಪ್ಪಿಸಿಕೊಂಡು ಪ್ಯಾರಾಥೈರಾಯ್ಡ್, ಅಡ್ರಿನಲ್ ಗ್ರಂಥಿಗಳ ಮೇಲೆ ದಾಳಿ ಮಾಡುತ್ತವೆ. ಬಲವಾದ ಸಂಕೇತ ಪಡೆದ ಎಲ್ಲ ಕೋಶಗಳೂ ಸಾಯುವುದಿಲ್ಲ ಎಂಬುದನ್ನೂ ಸೇರಿಸಬೇಕು: ಉಳಿಸುವ ಮಟ್ಟಕ್ಕಿಂತ ಮೇಲೆ, ಕೊಲ್ಲುವ ಮಟ್ಟಕ್ಕಿಂತ ತುಸು ಕೆಳಗೆ ಸಂಕೇತ ಸಿಕ್ಕವುಗಳಲ್ಲಿ ಕೆಲವು ಫಾಕ್ಸ್‌ಪಿ3 ಎಂಬ ಪ್ರೋಟೀನ್ ಹೊತ್ತ, ಇತರ ಟಿ ಕೋಶಗಳನ್ನು ಹತೋಟಿಯಲ್ಲಿಡುವ ನಿಯಂತ್ರಕ ಟಿ ಕೋಶಗಳಾಗಿ ಹೊರಬರುತ್ತವೆ.