ಗಂಗೊಳ್ಳಿಯಲ್ಲಿ ಬೀಡುಬಲೆ ಮೀನುಗಾರಿಕೆಗೆ ಹಳೆಯ ದೋಣಿ: 24 ಅಡಿಯದೋ, 32 ಅಡಿಯದೋ?

ಇಬ್ಬರು ಜೊತೆಗಾರರೊಂದಿಗೆ ದಡದ ಹತ್ತಿರದಲ್ಲೇ ಬೀಡುಬಲೆ (ನೀರಿನಲ್ಲಿ ಗೋಡೆಯಂತೆ ಬಿಡುವ, ಮೀನು ಕಣ್ಣಿಗಳಲ್ಲಿ ಸಿಕ್ಕಿಕೊಳ್ಳುವ ಬಲೆ) ಹಾಕಿ ಅದೇ ದಿನ ಮರಳಬೇಕೆಂದಿದ್ದೀರಿ. 9.9 ಅಶ್ವಶಕ್ತಿಯ ಔಟ್‌ಬೋರ್ಡ್ (ಹಿಂಬದಿಯಲ್ಲಿ ಹೊರಗೆ ತೂಗುಹಾಕುವ ಇಂಜಿನ್) ಇರುವ 24 ಅಡಿಯ ಫೈಬರ್ ದೋಣಿಗೂ ಡೀಸೆಲ್ ಇನ್‌ಬೋರ್ಡ್ (ದೋಣಿಯೊಳಗೇ ಕೂರಿಸಿದ ಇಂಜಿನ್) ಇರುವ 32 ಅಡಿಯದಕ್ಕೂ ಬೆಲೆಯಲ್ಲಿ ಹೆಚ್ಚು ಅಂತರವಿಲ್ಲವಾದ್ದರಿಂದ ದೊಡ್ಡದನ್ನೇ ಕೊಳ್ಳಲೇ ಎಂದು ಕೇಳಿದ್ದೀರಿ. ನಿಮ್ಮ ಕೆಲಸಕ್ಕೆ ಚಿಕ್ಕದೇ ಸರಿ ಎಂಬುದು ನನ್ನ ಅಭಿಪ್ರಾಯ.

ಮುಖ್ಯ ಕಾರಣ ಮಳೆಗಾಲದ ನಿಷೇಧ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ದೋಣಿಗಳೂ 10 ಅಶ್ವಶಕ್ತಿಗಿಂತ ಹೆಚ್ಚಿನ ಇಂಜಿನ್ ಇರುವ ದೋಣಿಗಳೂ ಕಡಲಿಗಿಳಿಯುವಂತಿಲ್ಲ. ಈ ಮಿತಿಯೊಳಗಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿಯಿದೆ. ಟ್ರಾಲ್ ಮತ್ತು ಪರ್ಸೀನ್ ಎಂಬ ದೊಡ್ಡ ಬಲೆಗಳ ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿಹಾಕಿಕೊಂಡಿರುವ ಆ ಎರಡು ತಿಂಗಳಲ್ಲಿ, ತೂಫಾನ್ ಎದ್ದು ಕಡಲು ಒಮ್ಮೆ ಕದಡಿ ಶಾಂತವಾದ ಮೇಲೆ, ನಾಡದೋಣಿಗೆ ಸಿಗುವ ಸಿಗಡಿ, ಬಂಗುಡೆಗೆ ಒಳ್ಳೆಯ ದರವಿರುತ್ತದೆ. ಹಾಗೆಂದು ದಿನವೂ ಇಳಿಯಲಾಗುವುದಿಲ್ಲ, ಇಳಿಯಲೂ ಬಾರದು. ಪಂಚಗಂಗಾವಳಿ ನದಿಯ ಅಳಿವೆಯಲ್ಲಿ ಮರಳು ಕಟ್ಟಿ ಅಲೆ ಒಡೆಯುವಾಗ ಅನುಭವಿಗಳೇ ಕಾದು ನಿಲ್ಲುತ್ತಾರೆ. ಅಲ್ಲಿಯೂ ಔಟ್‌ಬೋರ್ಡನ್ನು ಎತ್ತಿಕೊಳ್ಳಬಹುದೆಂಬ ಅನುಕೂಲವಿದೆ, ಆದರೆ ಇನ್‌ಬೋರ್ಡಿನ ಪ್ರೊಪೆಲ್ಲರ್ ಸದಾ ನೀರಿನಡಿಯಲ್ಲೇ ಇರುತ್ತದೆ.

ಎಂಟೇ ಅಡಿಯ ವ್ಯತ್ಯಾಸವಲ್ಲವೇ ಎಂದು ತೋರಬಹುದು. ಆಕಾರ ಒಂದೇ ಆಗಿದ್ದರೆ, ಉದ್ದ ಮೂರನೇ ಒಂದರಷ್ಟು ಹೆಚ್ಚಿದಾಗ ಅಗಲವೂ ಆಳವೂ ಅಷ್ಟೇ ಹೆಚ್ಚಿ, ದೋಣಿಯ ಗಾತ್ರ ಎರಡು ಪಟ್ಟನ್ನೂ ಮೀರುತ್ತದೆ. ಚಿಕ್ಕದನ್ನು ನಾಲ್ಕಾರು ಜನ ಸೇರಿ ಮರಳಿನ ಮೇಲೆ ಎಳೆದಿಡಬಹುದು. ದೊಡ್ಡದಕ್ಕೆ ದಕ್ಕೆಯಲ್ಲಿ ಜಾಗವೂ ರಿಪೇರಿಗೆ ಕ್ರೇನೂ ಬೇಕು. ಜನವೂ ಹೆಚ್ಚು ಬೇಕಾಗಿ, ಪಾಲು ಹಂಚುವಾಗ ಕೈಗೆ ಉಳಿಯುವುದು ಕಡಿಮೆಯಾಗುತ್ತದೆ. ರಾತ್ರಿಯಿಡೀ ದೂರದಲ್ಲಿದ್ದು ಅಂಜಲ್ ಮೀನು ಹಿಡಿಯುವ ಯೋಚನೆಯಿದ್ದಿದ್ದರೆ ನಾನೇ 32 ಅಡಿಯದನ್ನು ಹೇಳುತ್ತಿದ್ದೆ.

ಆದರೂ ಚಿಕ್ಕದೆಂಬ ಒಂದೇ ಕಾರಣಕ್ಕೆ ಮುಂಗಡ ಕೊಡಬೇಡಿ. ನೂಲು ಹುಣ್ಣಿಮೆಯ ಸಮುದ್ರಪೂಜೆಯ ಹೊತ್ತಿಗೆ ಮಾರಾಟಕ್ಕೆ ಬರುವ ದೋಣಿಗಳೆಲ್ಲ ಹೊಸ ಬಣ್ಣದಲ್ಲಿ ಮಿಂಚುತ್ತವೆ, ಬಣ್ಣವನ್ನು ನೋಡಿ ಏನೂ ತಿಳಿಯುವುದಿಲ್ಲ. ಔಟ್‌ಬೋರ್ಡನ್ನು ಸ್ವಲ್ಪ ಮೇಲೆತ್ತಿ, ಅದರ ಕಾಲನ್ನು, ಅಂದರೆ ನೀರಿಗಿಳಿಯುವ ಕೆಳಭಾಗವನ್ನು, ಹಿಡಿದು ಮೇಲಕ್ಕೂ ಕೆಳಕ್ಕೂ ಬಲವಾಗಿ ಅಲುಗಾಡಿಸಿರಿ. ಇಂಜಿನ್ ಕೂರುವ ಹಿಂಬದಿಯ ಹಲಗೆ ಅದರೊಂದಿಗೆ ಬಾಗುತ್ತಿದ್ದರೆ ಫೈಬರಿನ ಒಳಗಿರುವ ಪ್ಲೈವುಡ್ ನೀರು ಕುಡಿದು ಕೊಳೆತಿದೆ ಎಂದೇ ತಿಳಿಯಬೇಕು. ಬೋಲ್ಟಿನ ತೂತುಗಳ ಸುತ್ತ ಕಂದು ನೀರು ಒಸರಿದ ಗುರುತಿದ್ದರೂ ಅದೇ ಅನುಮಾನ. ತಳವನ್ನು ಸಣ್ಣ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗಿ. ಟಣ್ ಎನ್ನುತ್ತಿದ್ದ ಸದ್ದು ಒಂದು ಕಡೆ ಮಂಕಾಗಿ ಡಬ್ ಎಂದರೆ ಅಲ್ಲಿ ಪದರ ಬಿಟ್ಟಿರಬಹುದು. ಇಂಜಿನ್ನನ್ನು ಪೂರ್ತಿ ತಣ್ಣಗಿರುವಾಗಲೇ, ನಿಮ್ಮೆದುರಿನಲ್ಲೇ ಚಾಲೂ ಮಾಡಿಸಿ.

ಕಾಗದಪತ್ರದಲ್ಲಿ ನೋಂದಣಿ ಸಂಖ್ಯೆ, ಇಂಜಿನ್ ಸಂಖ್ಯೆ, ಮೀನುಗಾರಿಕೆ ಪರವಾನಗಿ ಮೂರೂ ದೋಣಿಯೊಂದಿಗೆ ತಾಳೆಯಾಗಬೇಕು. ಔಟ್‌ಬೋರ್ಡಿಗೆ ಬಳಸುವ ಸಬ್ಸಿಡಿ ಸೀಮೆಎಣ್ಣೆಯ ಪರ್ಮಿಟ್ ದೋಣಿಯ ಜೊತೆಗೆ ತಾನಾಗಿ ಬರುತ್ತದೆಂದು ಮಾರುವವರು ಹೇಳಿದರೆ ನಂಬದೆ, ಹೆಸರು ಬದಲಾವಣೆಯ ವಿಷಯವನ್ನು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿದ ಬಳಿಕವೇ ಉಳಿದ ಹಣ ಕೊಡಿ.